ಉಗುರುಚಿತ್ರದೊಳಗೊಂದು ಜಾಗ

ಇಡೀ ಸೃಷ್ಟಿಯನ್ನು ಅಂಚು ಕತ್ತರಿಸದೆ ಒಂದೇ ನೋಟಕ್ಕೆ ಕಾಣುವ ಪರಮಾತ್ಮನಿಗೆ ಮೊದಲ ನಮಸ್ಕಾರ. ಹೇಳುವ ನಾಲಿಗೆ ಸತ್ಯದಿಂದ ಜಾರದಿರಲಿ, ಕೇಳುವ ಕಿವಿಗೆ ಕಚೇರಿಯ ಭಾಷೆಯನ್ನು ತಾಳಿಕೊಳ್ಳುವಷ್ಟು ಸಹನೆಯಿರಲಿ. ಎರಡನ್ನೂ ಅವನೇ ಕೊಡಬೇಕು.

ಊರಿನ ಕಾಮಗಾರಿ ಕಚೇರಿಯ ಬಳಿ ನಾಲ್ಕು ಸಾವಿರದ ಇನ್ನೂರ ಹದಿನೆಂಟು ಛಾಯಾಚಿತ್ರಗಳಿದ್ದವು ಎಂಬುದು ದಾಖಲೆಯಿಂದ ಸಿದ್ಧವಾದ ಸಂಗತಿ. ಚರಂಡಿ, ದೀಪದ ಕಂಬ, ಉದ್ಯಾನ, ಸೇತುವೆ, ಅಗೆದ ರಸ್ತೆ, ಮುಚ್ಚಿದ ರಸ್ತೆ, ಮುಚ್ಚಿ ಮತ್ತೆ ಅಗೆದ ರಸ್ತೆ, ಹೀಗೆ. ಸಾರ್ವಜನಿಕರು ಮನೆಯಲ್ಲೇ ಕೂತು ನೋಡಿ ಸಂತೋಷಪಡಲಿ ಎಂದು ಅವನ್ನೆಲ್ಲ ಕಚೇರಿಯ ಜಾಲತಾಣದಲ್ಲಿ 'ಚಿತ್ರಶಾಲೆ' ಎಂಬ ಪುಟ ಮಾಡಿ ಏರಿಸಲಾಗಿತ್ತು. ಆದರೆ ಒಂದೊಂದು ಚಿತ್ರವೂ ಇದ್ದಷ್ಟೇ ದೊಡ್ಡದಾಗಿ ಏರಿತ್ತು. ಪುಟ ತೆರೆಯಲೆಂದು ಒತ್ತಿ, ಮನೆ ಗುಡಿಸಿ, ನೀರು ತುಂಬಿಸಿ ಬಂದು ನೋಡಿದರೆ ಮೊದಲ ಚಿತ್ರದ ಮೇಲಿನ ಕಾಲುಭಾಗ ಇಳಿದಿರುತ್ತಿತ್ತು. ಅದು ಸಾಮಾನ್ಯವಾಗಿ ಆಕಾಶ. "ಕಚೇರಿಯವರು ಆಕಾಶವನ್ನು ಚೆನ್ನಾಗಿ ನಿರ್ವಹಿಸುತ್ತಿದ್ದೀರಿ" ಎಂದು ನಾಗರಿಕರೊಬ್ಬರು ಮೆಚ್ಚಿ ಪತ್ರ ಬರೆದರು. ಅದನ್ನು ಫೈಲಿಗೆ ಸೇರಿಸಲಾಯಿತು.

ಈ ಚಿತ್ರಗಳನ್ನೆಲ್ಲ ತೆಗೆದವಳು ಒಬ್ಬಳೇ. ಕಚೇರಿಯಲ್ಲಿ ಎಲ್ಲರೂ ಅವಳನ್ನು ಪಟದಕ್ಕ ಎಂದೇ ಕರೆಯುತ್ತಿದ್ದರು. ಒಂಬತ್ತು ವರ್ಷದಿಂದ ತಾತ್ಕಾಲಿಕ ಗುಮಾಸ್ತೆ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಅವಳು ಇಳಿಯದ ಚರಂಡಿಯಿಲ್ಲ. ಎರಡು ತಿಂಗಳಾಚೆಯ ಒಂದನೇ ತಾರೀಖು ಖಾಯಂ ಮಾಡುವವರ ಪಟ್ಟಿ ಹೊರಡುವುದಿತ್ತು. ಅದರಲ್ಲಿ ಅವಳ ಹೆಸರಿತ್ತು. ದರ್ಜಿಯಾದ ಅವಳ ಗಂಡ ಆ ತಾರೀಖಿನ ಸುತ್ತ ಕ್ಯಾಲೆಂಡರಿನಲ್ಲಿ ಸೀಮೆಸುಣ್ಣದಿಂದ ಒಂದು ಸೊನ್ನೆ ಸುತ್ತಿದ್ದ. ಅವನಿಗೆ ಯಾವುದನ್ನು ಗುರುತು ಮಾಡಬೇಕಾದರೂ ಸೀಮೆಸುಣ್ಣವೇ ಬೇಕು.

ಚಿತ್ರಗಳಿಗೆ ಪುಟ್ಟ ಪ್ರತಿ ಮಾಡಿ ಹಾಕಬೇಕೆಂದೂ, ಅದು ಹೆಬ್ಬೆರಳಿನ ಉಗುರಿನಷ್ಟಿರಬೇಕೆಂದೂ, ಬೇಕಾದವರು ಅದರ ಮೇಲೆ ಒತ್ತಿ ದೊಡ್ಡದನ್ನು ನೋಡಿಕೊಳ್ಳಬಹುದೆಂದೂ ಅಪ್ಪಣೆಯಾಯಿತು. ಕಚೇರಿಯ ಭಾಷೆಯಲ್ಲಿ ಅದಕ್ಕೆ 'ಉಗುರುಚಿತ್ರ' ಎಂಬ ಹೆಸರೂ ಬಂತು. ಪಟದಕ್ಕ ಹುಡುಕಿ ಹುಡುಕಿ ಒಂದು ಮುಕ್ತ ತಂತ್ರಾಂಶ ತಂದಳು. ಲೋಕದ ಯಾವುದೋ ಮೂಲೆಯ ಪುಣ್ಯಾತ್ಮರು ಬರೆದು, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟದ್ದು. ದಾರಿಬದಿಗೆ ನೆರಳಿನ ಮರ ನೆಟ್ಟು, ಹೆಸರೂ ಕೆತ್ತದೆ ಹೋದವರ ಜಾತಿ. ದೇವರು ಅವರ ಕೈಬೆರಳುಗಳನ್ನು ಚೆನ್ನಾಗಿಟ್ಟಿರಲಿ.

ಆದರೆ ಮೇಲ್ವಿಚಾರಕರಿಗೆ ಸಂಶಯ ಬಂತು. ಕನ್ನಡಕ ಹಣೆಗೇರಿಸಿ ಕೇಳಿದರು, "ಇದರ ಯಜಮಾನ ಯಾರಮ್ಮ?"

"ಯಾರೂ ಇಲ್ಲ ಸಾರ್. ಎಲ್ಲರದ್ದೂ."

"ಎಲ್ಲರದ್ದು ಅಂದ್ರೆ ಯಾರೋ ಬಿಟ್ಟು ಹೋಗಿದ್ದಾರೆ ಅಂತ ತಾನೆ? ಹೋದ ವರ್ಷ ವರಾಂಡದಲ್ಲಿ ಒಂದು ಕೊಡೆ ಸಿಕ್ಕಿತ್ತಲ್ಲ, ಅದೇ ನಿಯಮ ಇದಕ್ಕೂ."

ನಿಯಮ ಸ್ಪಷ್ಟವಾಗಿತ್ತು. ಸೂಚನಾ ಫಲಕದಲ್ಲಿ ಪ್ರಕಟಣೆ ಬಿತ್ತು: 'ಈ ಕಚೇರಿಯ ಆವರಣದಲ್ಲಿ ವಾರಸುದಾರರಿಲ್ಲದ ಒಂದು ತಂತ್ರಾಂಶ ದೊರೆತಿರುತ್ತದೆ. ಸಂಬಂಧಪಟ್ಟವರು ಮೂವತ್ತು ದಿನಗಳೊಳಗಾಗಿ ಬಂದು, ಗುರುತು ಹೇಳಿ, ಬಿಡಿಸಿಕೊಂಡು ಹೋಗತಕ್ಕದ್ದು.' ಮೂವತ್ತು ದಿನ ಕಾದರು. ಒಬ್ಬರು ಬಂದು ಕೊಡೆ ಕೇಳಿದರು. ತಂತ್ರಾಂಶ ಕೇಳಿದವರಿಲ್ಲ. ಮೂವತ್ತೊಂದನೇ ದಿನ ಅದು ವಿಧಿವತ್ತಾಗಿ ಕಚೇರಿಯ ಸ್ವತ್ತಾಯಿತು.

ಪಟದಕ್ಕ ದೇವರನ್ನು ನೆನೆದು ಒಂದೇ ಒಂದು ಸಾಲಿನ ಆದೇಶ ಬೆರಳಚ್ಚಿಸಿದಳು. ಪ್ರತಿ ಚಿತ್ರವನ್ನೂ ಕುಗ್ಗಿಸು, ಮಧ್ಯದಿಂದ ಒಂದು ಚೌಕ ಉಳಿಸಿಕೋ, ಮಿಕ್ಕ ಅಂಚನ್ನು ಬಿಡು. ಚಹಾದ ಲೋಟ ಖಾಲಿಯಾಗುವಷ್ಟರಲ್ಲಿ ನಾಲ್ಕು ಸಾವಿರದ ಇನ್ನೂರ ಹದಿನೆಂಟು ಚೌಕಗಳು ಸಾಲಾಗಿ ಕೂತಿದ್ದವು, ಒಂದೇ ಅಳತೆ, ಒಂದೇ ಶಿಸ್ತು. ಪುಟ ಒತ್ತಿದ ಕೂಡಲೇ ತೆರೆಯಿತು. ಅಷ್ಟು ಬೇಗ ತೆರೆದದ್ದನ್ನು ಕಂಡು ಏನೋ ಕೆಟ್ಟಿದೆಯೆಂದು ಮೇಲ್ವಿಚಾರಕರು ಎರಡು ಸಲ ಮುಚ್ಚಿಸಿ ತೆರೆಸಿದರು.

ಮುಖ್ಯಾಧಿಕಾರಿಗಳು ಚಿತ್ರಶಾಲೆಯನ್ನು ನೋಡಿದ್ದು ಆ ಸೋಮವಾರ. ಕಾಲುವೆಯ ಮೇಲಿನ ಕಾಲುಸೇತುವೆಯ ಉಗುರುಚಿತ್ರದ ಬಳಿ ಅವರ ಬೆರಳು ನಿಂತಿತು. ಆ ಸೇತುವೆಯ ವಿಷಯ ಊರಿಗೇ ಗೊತ್ತು. ನಡುವೆ ಕಟ್ಟಿದ್ದರು, ಎರಡು ತುದಿಯೂ ಎರಡು ದಡಕ್ಕೆ ಮುಟ್ಟಿರಲಿಲ್ಲ. ಆದರೆ ಚೌಕಕ್ಕೆ ಬಿದ್ದದ್ದು ನಡುಭಾಗ ಮಾತ್ರ. ಕಟಕಟೆ, ಬಣ್ಣ, ಎರಡು ದೀಪ, ಎಲ್ಲ ಮುದ್ದಾಗಿ ಕಾಣುತ್ತಿತ್ತು.

"ಇದು ಮುಗೀತಾ? ನನಗೆ ಯಾರೂ ಹೇಳಲೇ ಇಲ್ವಲ್ಲ" ಎಂದರು ಮುಖ್ಯಾಧಿಕಾರಿಗಳು.

ಎದುರಿಗಿದ್ದ ಎಂಜಿನಿಯರು ಒಂದು ಕ್ಷಣ ಚಿತ್ರ ನೋಡಿದ, ಒಂದು ಕ್ಷಣ ಮೇಲೆ ನೋಡಿದ. "ಕಣ್ಣಿಗೆ ಕಾಣೋದರ ಮೇಲೆ ನಾನೇನು ಹೇಳಲಿ ಸಾರ್" ಎಂದ.

"ದೊಡ್ಡದು ಮಾಡಿ ನೋಡಬಹುದು ಸಾರ್, ಮೇಲೆ ಒಂದು ಸಲ ಒತ್ತಿದರೆ..." ಎಂದು ಪಟದಕ್ಕ ಬಾಗಿಲ ಬಳಿಯಿಂದ ಹೇಳಲು ಹೋದಳು.

"ಯಾಕಮ್ಮ ಒತ್ತಬೇಕು? ಚಿಕ್ಕದರಲ್ಲೇ ಇಷ್ಟು ಚೆನ್ನಾಗಿದೆ."

ಸಂಜೆಯೊಳಗೆ ಸೇತುವೆ ಮುಗಿದಿದೆಯೆಂಬ ಪ್ರಮಾಣಪತ್ರ ಹೊರಟಿತು. ಮರುದಿನ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಗುತ್ತಿಗೆದಾರರು ಪಟದಕ್ಕನ ಮೇಜಿಗೆ ಮುತ್ತಿದರು. "ಅಕ್ಕ, ನಮ್ಮ ಚರಂಡಿಗೂ ಒಂದು ಚೌಕ ಹಾಕಿಬಿಡಿ, ನಿಮ್ಮ ಕೈಗುಣ ಒಳ್ಳೇದು." "ಅಕ್ಕ, ನಮ್ಮ ರಸ್ತೆಯ ಗುಂಡಿ ಬಲಗಡೆ ಇದೆ, ಸ್ವಲ್ಪ ಎಡಕ್ಕೆ ಕತ್ತರಿಸಿದರೆ ಆಯ್ತು, ದೇವರು ಒಳ್ಳೇದು ಮಾಡ್ತಾನೆ." ದೇವರ ಹೆಸರನ್ನು ಇಂಥ ಕಡೆ ಬಳಸಿದ್ದನ್ನು ಕೇಳಿ ಅವಳು ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡು, ಯಂತ್ರ ಕತ್ತರಿಸಿದ್ದನ್ನು ತಾನು ಮುಟ್ಟುವುದಿಲ್ಲ ಎಂದಳು. ಯಂತ್ರಕ್ಕೆ ಪಕ್ಷಪಾತವಿಲ್ಲವಲ್ಲ, ಅಷ್ಟೇ ಸಾಕೆಂದು ಅವರೂ ಒಪ್ಪಿ ಹೋದರು.

ಕೆಲಸಗಳು ಹೀಗೆ ಸರಸರ ಮುಗಿಯತೊಡಗಿದ್ದರಿಂದ ಮುಖ್ಯಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಿದರು. ಅದರ ಎರಡನೇ ಕಲಮನ್ನು ಇಲ್ಲಿ ಇದ್ದ ಹಾಗೇ ಕೊಡುವುದು ಧರ್ಮ: 'ಇನ್ನು ಮುಂದೆ ಈ ಕಚೇರಿಯ ಸಕಲ ದಾಖಲೆಗಳನ್ನೂ ಉಗುರುಚಿತ್ರಗಳೊಂದಿಗೆ ತಾಳೆ ನೋಡತಕ್ಕದ್ದು. ಉಗುರುಚಿತ್ರದಲ್ಲಿ ಕಾಣುವುದನ್ನು ಇದೆಯೆಂದೂ, ಕಾಣದ್ದನ್ನು ಇಲ್ಲವೆಂದೂ ಭಾವಿಸತಕ್ಕದ್ದು.'

ತಾಳೆ ನೋಡುವ ಕೆಲಸ ಉತ್ಸಾಹದಿಂದ ನಡೆಯಿತು. ಉದ್ಯಾನದಲ್ಲಿ ಹದಿನಾಲ್ಕು ಬೆಂಚುಗಳಿದ್ದವು; ಉಗುರುಚಿತ್ರದಲ್ಲಿ ಎರಡು. ಹನ್ನೆರಡನ್ನು ಪಟ್ಟಿಯಿಂದ ತೆಗೆದರು. ಅವುಗಳ ಮೇಲೆ ಕೂತಿದ್ದ ವೃದ್ಧರ ಬಳಿ ಸಿಬ್ಬಂದಿಯೊಬ್ಬರು ಹೋಗಿ, ತಾವೆಲ್ಲ ನಿಂತಿದ್ದೀರೆಂದು ಮರ್ಯಾದೆಯಿಂದ ತಿಳಿಸಿ ಬಂದರು. "ಅದಕ್ಕೇ ಸೊಂಟ ನೋಯ್ತಿದೆ" ಎಂದು ಅವರಲ್ಲೊಬ್ಬರು ಒಪ್ಪಿಕೊಂಡರು.

ಬೆಂಚುಗಳಾದ ಮೇಲೆ ಸಿಬ್ಬಂದಿಯ ಸರದಿ ಬಂತು.

ಸಿಬ್ಬಂದಿಯೆಲ್ಲ ಸೇರಿ ಕಚೇರಿಯ ಮೆಟ್ಟಿಲ ಮೇಲೆ ತೆಗೆಸಿಕೊಂಡ ಒಂದು ಅಗಲವಾದ ಗುಂಪುಚಿತ್ರವಿತ್ತು. ನಡುವೆ ಕುರ್ಚಿಯಲ್ಲಿ ಮುಖ್ಯಾಧಿಕಾರಿಗಳು, ನೋಡುವವರಿಗೆ ಅವರ ಎಡಕ್ಕೆ ಮೇಲ್ವಿಚಾರಕರು, ಸುತ್ತ ಮಿಕ್ಕವರು. ಎಡತುದಿಯಲ್ಲಿ ಗೋಡೆ ಮತ್ತು ಒಂದು ಸೈಕಲ್ಲು. ಬಲತುದಿಯಲ್ಲಿ ಜವಾನ, ಅವನಾಚೆ ಪಟದಕ್ಕ. ಚಿತ್ರ ತೆಗೆದವಳೂ ಅವಳೇ. ಕ್ಯಾಮೆರಾವನ್ನು ಗೋಡೆಯ ಮೇಲಿಟ್ಟು, ಹತ್ತು ಸೆಕೆಂಡಿನ ಗುಂಡಿ ಒತ್ತಿ, ಸೆರಗು ಸಿಕ್ಕಿಸಿಕೊಂಡು ಓಡಿ ಬಂದು ನಿಂತಿದ್ದಳು. ಓಡಿ ಬಂದವಳಿಗೆ ಸಿಗುವುದು ತುದಿಯೇ. ಚೌಕ ಕತ್ತರಿಸಿದಾಗ ಸೈಕಲ್ಲು ಹೋಯಿತು, ಪಟದಕ್ಕ ಹೋದಳು, ಜವಾನನಲ್ಲಿ ಒಂದು ಕಿವಿ, ಒಂದು ಭುಜ ಉಳಿಯಿತು.

ಜವಾನ ಮುದುಕ, ಸಮಾಧಾನಿ. "ಅರ್ಧ ಇದ್ದೀನಂತೆ. ಅರ್ಧ ದಿನ ಬಂದರೆ ಸಾಕಂತೆ. ಇಷ್ಟು ವರ್ಷ ಪೂರ್ತಿ ಇದ್ದು ಏನು ಮಾಡಿದೆ ಹೇಳು ಮಗಳೇ" ಎಂದು ಮಧ್ಯಾಹ್ನಕ್ಕೆ ಮನೆಗೆ ಹೊರಟುಬಿಟ್ಟ.

ಪಟದಕ್ಕನಿಗೆ ಆ ಭಾಗ್ಯವಿರಲಿಲ್ಲ. ಅವಳು ಮೇಲ್ವಿಚಾರಕರ ಎದುರು ಹೋಗಿ ನಿಂತಳು.

"ಸಾರ್, ಖಾಯಂ ಪಟ್ಟಿಯಿಂದ ನನ್ನ ಹೆಸರು ತೆಗೆದಿದ್ದಾರಂತೆ."

"ತೆಗೆದಿಲ್ಲಮ್ಮ. ಇಲ್ಲದವರನ್ನ ತೆಗೆಯೋಕೆ ಬರುತ್ತಾ? ತಾಳೆ ನೋಡಿದ್ವಿ, ನೀವು ಇರಲಿಲ್ಲ."

"ಈಗ ನಿಮ್ಮೆದುರಿಗೆ ನಿಂತಿದ್ದೀನಲ್ಲ ಸಾರ್."

"ನನಗೆ ಕಾಣ್ತಿದೆ. ವೈಯಕ್ತಿಕವಾಗಿ ನನಗೆ ಸಂತೋಷವೇ. ಆದರೆ ಎರಡನೇ ಕಲಮಿದೆಯಲ್ಲ."

"ಹಾಗಾದರೆ ಒಂದು ಅರ್ಜಿ ಕೊಡ್ತೀನಿ."

ಮೇಲ್ವಿಚಾರಕರು ಕೈ ಹಿಂದಕ್ಕೆಳೆದುಕೊಂಡರು. "ಬೇಡಮ್ಮ. ಇಲ್ಲದವರ ಅರ್ಜಿ ತಗೊಂಡರೆ ನಾಳೆ ನನ್ನನ್ನ ಏನಂತಾರೆ? ನೀವು ಏನೂ ಯೋಚನೆ ಮಾಡಬೇಡಿ. ಕೆಲಸ ಮಾತ್ರ ನಿಲ್ಲಿಸಬೇಡಿ. ಮಾರುಕಟ್ಟೆಯ ಹೊಸ ಚಿತ್ರಗಳು ಶುಕ್ರವಾರದೊಳಗೆ ಬೇಕು."

ಅವಳು ಮೇಜಿಗೆ ಬಂದು ಕೂತಳು. ಕಣ್ಣು ತುಂಬಿತು, ಒರೆಸಿಕೊಂಡಳು. ತಾನೇ ತೆಗೆದ ಚಿತ್ರ, ತಾನೇ ಬರೆದ ಸಾಲು, ತನ್ನನ್ನೇ ಬಿಟ್ಟಿತು. ಒಂದನೇ ತಾರೀಖಿಗೆ ಒಂಬತ್ತು ದಿನ ಉಳಿದಿತ್ತು.

ಆಗ ಅವಳ ಮನಸ್ಸಿಗೆ ಒಂದು ಆಸೆ ಹೊಕ್ಕಿತು, ಮುಚ್ಚಿಡುವುದು ಬೇಡ. ತಂತ್ರಾಂಶಕ್ಕೆ ಚೌಕವನ್ನು ಮಧ್ಯದಿಂದ ತೆಗೆ ಎನ್ನುವ ಬದಲು ಬಲದಿಂದ ತೆಗೆ ಎನ್ನಬಹುದಿತ್ತು. ಅವಳು ಬಾಗಿಲ ಕಡೆ ನೋಡಿ, ಹಾಗೆಯೇ ಮಾಡಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಹೊಸ ಚೌಕ ಬಂತು. ಅದರಲ್ಲಿ ಅವಳು ಪೂರ್ತಿ ಇದ್ದಳು, ಜವಾನ ಪೂರ್ತಿ ಇದ್ದ. ಮುಖ್ಯಾಧಿಕಾರಿಗಳು ಮೂಗಿನ ಮೇಲೆ ಸರಿಯಾಗಿ ಎರಡಾಗಿ ಒಂದು ಕಣ್ಣಷ್ಟು ಉಳಿದಿದ್ದರು. ಮೇಲ್ವಿಚಾರಕರೂ ಎಡಗಡೆಯ ಹತ್ತು ಜನರೂ ಇರಲೇ ಇಲ್ಲ.

ಪಟದಕ್ಕ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಚೆನ್ನಾಗಿಯೇ ಇತ್ತು. ಆಮೇಲೆ ಮೇಲ್ವಿಚಾರಕರ ಹೆಂಡತಿ, ಆ ಹತ್ತು ಜನರ ಮನೆಗಳು ನೆನಪಾದವು. ಒಬ್ಬರನ್ನು ಇಲ್ಲವೆನ್ನಿಸಿ ತಾನು ಇರುವುದನ್ನು ಯಾವ ದೇವರು ಮೆಚ್ಚುತ್ತಾನೆ? ಅಳಿಸಿದಳು. ಆ ಗುಂಡಿ ಒತ್ತಿದ್ದು ಅವಳ ಪುಣ್ಯದ ಲೆಕ್ಕಕ್ಕೆ ಸೇರಿರಲೇಬೇಕು. ಮೇಲಿನ ಲೋಕದ ದಾಖಲೆಗೆ ಉಗುರುಚಿತ್ರದ ತಾಳೆ ಬೇಕಿಲ್ಲ.

ಸಂಜೆ ಗಂಡನ ಅಂಗಡಿಗೆ ಹೋಗಿ ಮೊಳದೆತ್ತರದ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಅವನು ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಕೇಳಿದ.

"ಹಾಗಾದರೆ ನೀನು ಈಗ ಇಲ್ಲ" ಎಂದ.

"ಇಲ್ಲ."

"ಅಡುಗೆ ಯಾರು ಮಾಡ್ತಾರೆ?"

"ನೀವೇ."

ಅವನು ಸೂಜಿಗಳನ್ನು ತೆಗೆದು ಮೇಜಿನ ಮೇಲಿಟ್ಟ. ಅಂದರೆ ಮಾತು ಗಂಭೀರವಾಯಿತು ಎಂದರ್ಥ. "ನಿಮ್ಮ ಕಚೇರಿಯವರಿಗೆ ಹೊಲಿಗೆ ಗೊತ್ತಿಲ್ಲ ಕಣೆ. ಅಂಗಿ ಅಗಲ ಆಯ್ತು ಅಂತ ತೋಳು ಕತ್ತರಿಸಿ ಬಿಸಾಕ್ತೀವಾ? ಒಳಗಿಂದ ಹಿಡೀತೀವಿ. ಎರಡೂ ತೋಳು ಇರುತ್ತೆ, ಅಗಲ ಮಾತ್ರ ಕಮ್ಮಿ ಆಗುತ್ತೆ. ನಿನ್ನ ಯಂತ್ರಕ್ಕೆ ಹಿಡಿಯೋಕೆ ಬರಲ್ವಾ?"

ಪಟದಕ್ಕ ಅವನ ಮುಖವನ್ನೇ ನೋಡಿದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನನ್ನು ಹಾಗೆ ನೋಡಿದ್ದು ಎರಡನೇ ಸಲವೋ ಮೂರನೇ ಸಲವೋ. "ಅಡುಗೆ ನಾನೇ ಮಾಡ್ತೀನಿ ಬಿಡಿ" ಎಂದಳು.

ಯಂತ್ರಕ್ಕೆ ಹಿಡಿಯಲು ಬರುತ್ತಿತ್ತು. ಆದೇಶದ ಸಾಲಿನಲ್ಲಿ ಅಳತೆಯ ಕೊನೆಗೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಸಾಕು. ಚಿತ್ರ ಎಷ್ಟೇ ಅಗಲವಿರಲಿ, ಕತ್ತರಿಸದೆ, ಎರಡು ಪಕ್ಕದಿಂದ ಅದುಮಿ ಚೌಕದೊಳಗೆ ಕೂಡಿಸುತ್ತಿತ್ತು. ಮರುದಿನ ಗುಂಪುಚಿತ್ರವೊಂದನ್ನೇ ಹಾಗೆ ಮಾಡಿ ನೋಡಿದಳು. ಎಲ್ಲರೂ ಬಂದರು, ಸೈಕಲ್ಲೂ ಬಂತು. ಅಗಲದಲ್ಲಿ ಅರ್ಧವಾಗಿ, ಎತ್ತರದಲ್ಲಿ ಹಾಗೇ ಉಳಿದು, ಇಡೀ ಕಚೇರಿ ಊದುಬತ್ತಿಯ ಕಟ್ಟಿನಂತೆ ನಿಂತಿತ್ತು. ಬಲತುದಿಯ ಕಡ್ಡಿ ಅವಳೇ.

ಇನ್ನು ಒಪ್ಪಿಗೆ ಬೇಕಿತ್ತು. ಅವಳ ಅರ್ಜಿ ನಡೆಯುವುದಿಲ್ಲ. ಆದರೆ ಜವಾನ ಅರ್ಧ ಇದ್ದಾನಲ್ಲ. ಅವನ ಹೆಸರಿನಲ್ಲಿ ಅರ್ಜಿ ಬರೆದಳು. ಅವನು ತನ್ನ ಹಕ್ಕನ್ನು ಮೀರದಂತೆ ಅರ್ಧ ಸಹಿ ಹಾಕಿದ. ಮೇಲ್ವಿಚಾರಕರು ಅರ್ಜಿಯನ್ನು ನಾಲ್ಕು ದಿನ ಪರಿಶೀಲಿಸಿ, ಅರ್ಧ ಸಹಿಯಲ್ಲಿ ತಪ್ಪು ಕಾಣದೆ, ಕೊನೆಗೆ ಆ ಚಿಹ್ನೆಯ ಬಳಿ ನಿಂತರು.

"ಇದೇನಿದು? ಆಶ್ಚರ್ಯ ಯಾಕೆ?"

"ಅದಿಲ್ಲದಿದ್ದರೆ ಯಂತ್ರ ಅದುಮಲ್ಲ ಸಾರ್."

"ಈ ಕಚೇರಿಯಲ್ಲಿ ಕೆಳದರ್ಜೆಯವರು ಆಶ್ಚರ್ಯಪಡೋ ಹಾಗಿಲ್ಲ, ಗೊತ್ತಲ್ಲ? ಆ ಅಧಿಕಾರ ಮುಖ್ಯಾಧಿಕಾರಿಗಳಿಗೆ ಮಾತ್ರ. ಅವರೂ ಕಳೆದ ಆರು ವರ್ಷದಿಂದ ಬಳಸಿಲ್ಲ."

ಹೀಗಾಗಿ ಕಡತ ಮುಖ್ಯಾಧಿಕಾರಿಗಳ ಮೇಜಿಗೇ ಹೋಗಬೇಕಾಯಿತು. ಹೊತ್ತುಕೊಂಡು ಹೋದವನು ಜವಾನ, ತನ್ನ ಅರ್ಧ ದಿನದ ಒಳಗೆ. ಪಟದಕ್ಕ ಬಾಗಿಲ ಆಚೆ ಗೋಡೆಗೊರಗಿ ನಿಂತಳು. ತುಟಿಯಲ್ಲಿ ಪ್ರಾರ್ಥನೆ ನಡೆದಿತ್ತು. ಒಂದನೇ ತಾರೀಖಿಗೆ ಮೂರು ದಿನ.

ಮುಖ್ಯಾಧಿಕಾರಿಗಳು ಸ್ಥೂಲಕಾಯದವರು. ವೈದ್ಯರು ಎರಡು ವರ್ಷದಿಂದ ಇಳಿಸಿ ಇಳಿಸಿ ಎನ್ನುತ್ತಿದ್ದರು. ಮನೆಯವರು ಹೇಳುವುದನ್ನು ನಿಲ್ಲಿಸಿದ್ದರು, ಅದು ಇನ್ನೂ ಕಷ್ಟ. ಅವರು ಮಾದರಿ ಚಿತ್ರವನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

"ಈ ನಡುವೆ ಕೂತಿರೋದು ಯಾರಯ್ಯ?"

"ತಾವೇ ಸಾರ್."

"ನಾನಾ?"

"ಕುರ್ಚಿ ತಮ್ಮದೇ ಸಾರ್. ಅದರ ಮೇಲೆ ಬೇರೆ ಯಾರು ಕೂರ್ತಾರೆ?" ಎಂದ ಜವಾನ.

"ಯಂತ್ರ ಸುಳ್ಳು ಹೇಳುತ್ತಾ?"

"ಅದಕ್ಕೆ ಸಂಸಾರವೇ ಇಲ್ಲ ಸಾರ್, ಯಾಕೆ ಸುಳ್ಳು ಹೇಳುತ್ತೆ?"

ಮುಖ್ಯಾಧಿಕಾರಿಗಳು ಹೊಟ್ಟೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡರು. ಪೆನ್ನು ತೆಗೆದು ಬರೆದರು: 'ಆಶ್ಚರ್ಯಪಡಲು ಅನುಮತಿಸಿದೆ. ಎಲ್ಲ ಚಿತ್ರಗಳಿಗೂ ಅನ್ವಯಿಸತಕ್ಕದ್ದು.'

ಅಂದೇ ನಾಲ್ಕು ಸಾವಿರದ ಇನ್ನೂರ ಹದಿನೆಂಟು ಚಿತ್ರಗಳೂ ಕತ್ತರಿಯಿಂದ ಬಿಡುಗಡೆ ಹೊಂದಿ ಅದುಮಿಸಿಕೊಂಡವು. ಎರಡನೇ ಕಲಮು ಜಾರಿಯಲ್ಲೇ ಇದ್ದುದರಿಂದ ದಾಖಲೆಗಳನ್ನು ಮತ್ತೆ ತಾಳೆ ನೋಡಲಾಯಿತು. ಹದಿನಾಲ್ಕು ಬೆಂಚುಗಳೂ ಮರಳಿದವು, ಆದರೆ ಒಂದೊಂದರಲ್ಲಿ ಒಬ್ಬರು ಕೂರುವಷ್ಟು ಜಾಗ. ಸೇತುವೆಯ ಎರಡು ತುದಿಯ ಖಾಲಿ ಜಾಗವೂ ಮರಳಿತು. ಅದು ಈಗ ಒಂದು ಹೆಜ್ಜೆಯಷ್ಟೆಂದು ಎಂಜಿನಿಯರು ಅಳೆದು ವರದಿ ಕೊಟ್ಟ, ಸಾರ್ವಜನಿಕರು ಕಾಲು ಚಾಚಿ ದಾಟತಕ್ಕದ್ದೆಂದು ಸೇತುವೆಯ ನಡುವೆ ಫಲಕ ಹಾಕಿದರು. ಫಲಕ ಓದಲು ಜನ ದೋಣಿಯಲ್ಲಿ ಹೋಗಿ ಬಂದರು. ಕಚೇರಿಯ ಸಿಬ್ಬಂದಿ ಮೊದಲಿನ ಅರ್ಧ ಅಗಲವಿರುವುದು ಕಂಡುಬಂದದ್ದರಿಂದ, ಅರ್ಧ ಅಗಲದ ಕುರ್ಚಿಗಳಿಗೆ ಬಡಗಿಗೆ ಹೇಳಿ ಕಳಿಸಿದರು.

ಒಂದನೇ ತಾರೀಖು ಬೆಳಿಗ್ಗೆ ಖಾಯಂ ಪಟ್ಟಿಯ ಕೊನೆಯ ತಪಾಸಣೆ. ತಪಾಸಣಾಧಿಕಾರಿ ಹೊರಗಿನಿಂದ ಬಂದವರು, ಕಟ್ಟುನಿಟ್ಟು. ಒಂದು ಕೈಯಲ್ಲಿ ಉಗುರುಚಿತ್ರ, ಎದುರಿಗೆ ಪಟದಕ್ಕ. ಅದನ್ನು ನೋಡಿದರು, ಇವಳನ್ನು ನೋಡಿದರು.

"ಚಿತ್ರದಲ್ಲಿ ಕಡ್ಡಿ ಹಾಗಿದ್ದೀರಿ. ಇಲ್ಲಿ ಅಗಲ ಇದ್ದೀರಿ. ನೀವೇನಾ ಇದು?"

"ನಾನೇ ಸಾರ್."

"ನಿಯಮದ ಪ್ರಕಾರ ಚಿತ್ರ ಸರಿ. ಹಾಗಾದರೆ ತಪ್ಪು ನಿಮ್ಮಲ್ಲಿದೆ."

ಮೇಲ್ವಿಚಾರಕರು ನೆಲ ನೋಡಿದರು. ಒಂಬತ್ತು ವರ್ಷ ಆ ಮೇಜಿನ ಅಂಚಿನಲ್ಲಿ ತೂಗುತ್ತಿತ್ತು. ಪಟದಕ್ಕ ಕಣ್ಣು ಮುಚ್ಚಿ, ತನ್ನ ದೇವರನ್ನು ಕರೆದು, ಬೇರೇನೂ ತೋಚದೆ ಮೆಲ್ಲಗೆ ಪಕ್ಕಕ್ಕೆ ತಿರುಗಿ ನಿಂತಳು.

ತಪಾಸಣಾಧಿಕಾರಿ ಚಿತ್ರವನ್ನು ಅವಳ ಭುಜದ ಪಕ್ಕ ಹಿಡಿದು ನೋಡಿದರು. ಸರಿಯಾಗಿ ತಾಳೆಯಾಯಿತು.

"ಹೀಗೆ ಬನ್ನಿ ಅಂತ ಮೊದಲೇ ಹೇಳಬಾರದಿತ್ತಾ" ಎಂದು ಗದರಿ ಮುದ್ರೆ ಒತ್ತಿದರು. "ಇನ್ನು ಮುಂದೆ ಕಚೇರಿಯ ಸಮಯದಲ್ಲಿ ಹೀಗೇ ಇರಿ."

ಮುಂದಿನವರು ಒಳಗೆ ಬರುವಾಗಲೇ ಪಕ್ಕಕ್ಕೆ ತಿರುಗಿ ಬಂದರು. ಅವರ ಮುಂದಿನವರೂ ಹಾಗೇ. ಮಧ್ಯಾಹ್ನದೊಳಗೆ ಇಡೀ ಕಚೇರಿ ಪಕ್ಕವಾಗಿ ನಡೆಯುವುದನ್ನು ರೂಢಿ ಮಾಡಿಕೊಂಡಿತ್ತು. ವರಾಂಡದಲ್ಲಿ ಒಬ್ಬರಿಗೊಬ್ಬರು ತಾಕುವುದು ನಿಂತಿತು. ಇಷ್ಟು ಜಾಗ ಇತ್ತೆಂದು ಯಾರಿಗೂ ಗೊತ್ತೇ ಇರಲಿಲ್ಲ. ಮುಖ್ಯಾಧಿಕಾರಿಗಳು ಪಕ್ಕವಾಗಿ ತಿರುಗಿದಾಗ ಎದುರಿನಿಂದ ಕಾಣುವುದಕ್ಕಿಂತಲೂ ಅಗಲವಾಗುತ್ತಿದ್ದರು, ಆದರೆ ಅವರನ್ನು ತಾಳೆ ನೋಡುವ ಅಧಿಕಾರ ಯಾರಿಗೂ ಇರಲಿಲ್ಲ. ಜವಾನ ಪೂರ್ತಿಯಾದದ್ದಕ್ಕೆ ನಾಲ್ಕು ದಿನ ಮುಖ ಗಂಟಿಕ್ಕಿಕೊಂಡಿದ್ದು, ಆಮೇಲೆ ಅವನೂ ಒಗ್ಗಿಕೊಂಡ.

ಪಟದಕ್ಕ ಆದೇಶವನ್ನು ಎದೆಗೊತ್ತಿಕೊಂಡು ಏಡಿಯ ಹಾಗೆ ಮೆಟ್ಟಿಲಿಳಿದು ಬಂದಳು. ಗಂಡ ಗೇಟಿನಲ್ಲಿ ಕಾಯುತ್ತಿದ್ದ. "ಇದೇನೇ ನಡಿಗೆ?" ಎಂದ.

"ಖಾಯಂ ಆಯ್ತು" ಎಂದಳು.

ಅವನು ಅವಳನ್ನು ಮೇಲಿಂದ ಕೆಳಗಿನವರೆಗೆ ದರ್ಜಿಯ ಕಣ್ಣಿಂದ ಅಳೆದ. "ಒಳ್ಳೇದೇ. ಬಟ್ಟೆ ಅರ್ಧ ಸಾಕು" ಎಂದು ತಾನೂ ಪಕ್ಕಕ್ಕೆ ತಿರುಗಿ ಅವಳ ಜೊತೆ ಹೆಜ್ಜೆ ಹಾಕಿದ. ಅಷ್ಟು ಹೊತ್ತಿಗೆ ಕೆಲಸಕ್ಕೆಂದು ಕಚೇರಿಗೆ ಬರುತ್ತಿದ್ದ ಸಾರ್ವಜನಿಕರು, ಯಾರೂ ಹೇಳದಿದ್ದರೂ, ಗೇಟಿನ ಬಳಿ ಚಪ್ಪಲಿ ಸರಿಮಾಡಿಕೊಂಡು ಪಕ್ಕವಾಗಿಯೇ ಒಳಗೆ ಹೋಗುತ್ತಿದ್ದರು.

ಈ ಕತೆಯನ್ನು ಕುಳಿತು ಕೇಳಿದವರಿಗೂ, ನಿಂತು ಕೇಳಿದವರಿಗೂ, ಕೆಲಸದ ನಡುವೆ ಒಂದು ಕಿವಿಯಲ್ಲಿ ಕೇಳಿದವರಿಗೂ ಭಗವಂತ ಆಯುಸ್ಸು, ಆರೋಗ್ಯ, ನಗುವ ಮನಸ್ಸು ಕೊಡಲಿ. ನಿಮ್ಮ ನಿಮ್ಮ ಅರ್ಜಿಗಳು ನೀವಿರುವಾಗಲೇ ಮಂಜೂರಾಗಲಿ. ಎಲ್ಲರಿಗೂ ಮಂಗಳವಾಗಲಿ.